ಕೋಲಿನ ತುದಿಯ ತುತ್ತು

ಮಾರ್ಚ್ 3, ಮಂಗಳವಾರ

ಇವತ್ತಿನಿಂದ ನನ್ನ ಕಾಲು ಮೇಲೆ, ತಲೆ ಕೆಳಗೆ. ಮಂಚದ ಒಂದು ಕಡೆಯನ್ನು ಸ್ವಲ್ಪವೇ ಎತ್ತಿದ್ದಾರೆ. ನಿಂತು ನೋಡಿದಾಗ ಇಷ್ಟೇನಾ ಅನ್ನಿಸಿತ್ತು. ಮಲಗಿದ ಮೇಲೆ ಗೊತ್ತಾಯಿತು, ಮೈಯಲ್ಲಿದ್ದ ನೀರೆಲ್ಲ ಮುಖಕ್ಕೆ ಇಳಿದು ಕಣ್ಣುಗುಡ್ಡೆ ಹೊರಗೆ ಬರುತ್ತದೋ ಅನ್ನುವ ಹಾಗಾಗಿದೆ. ಬಾಹ್ಯಾಕಾಶಕ್ಕೆ ಹೋದವರಿಗೂ ಹೀಗೇ ಆಗುತ್ತದಂತೆ. ಅವರನ್ನು ಅಷ್ಟು ದೂರ ಕಳಿಸಿ ನೋಡುವುದಕ್ಕಿಂತ ನಮ್ಮನ್ನು ಇಲ್ಲಿ ಮಲಗಿಸಿ ನೋಡುವುದು ಸುಲಭ. ಮೇ ಮೊದಲ ವಾರದವರೆಗೆ ಏಳುವ ಹಾಗಿಲ್ಲ. ಊಟ, ಸ್ನಾನ, ಮಿಕ್ಕಿದ್ದು ಎಲ್ಲವೂ ಮಲಗಿಕೊಂಡೇ.

ಬಿಡಲು ಬಂದ ಅಕ್ಕ ಬಾಗಿಲಲ್ಲಿ ನಿಂತು, "ನಿನ್ ಕೈಲಿ ಮುಗಿಯೋ ಕೆಲಸಾನಾ ಇದು? ಹೊಲಿಗೆ ಕ್ಲಾಸು ಅರ್ಧ, ಈಜು ಅರ್ಧ, ಮದುವೇನೂ ಅರ್ಧ" ಅಂದಳು. ಭಾವ ಪಕ್ಕದಲ್ಲಿ ನಿಂತು ಕಿಸಕ್ಕೆಂದರು. ಗಂಡನನ್ನು ಬಿಟ್ಟು ಬಂದು ಅವರ ಮನೆಯ ಹಿಂದಿನ ಕೋಣೆಯಲ್ಲಿ ಇದ್ದೇನೆ, ಬೇಕರಿಯಲ್ಲಿ ಕೇಕ್ ಮಾಡುತ್ತೇನೆ, ಅವರು ಅಂದದ್ದನ್ನು ಅನ್ನಿಸಿಕೊಳ್ಳಬೇಕು. ಮುಗಿಸಿಯೇ ತೋರಿಸುತ್ತೇನೆ.

ಕೋಣೆಯಲ್ಲಿ ಎರಡು ಮಂಚ. ಪಕ್ಕದವರು ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುವ ಟೀಚರ್. ವಯಸ್ಸು ಐವತ್ತು ದಾಟಿರಬೇಕು, ನಕ್ಕರೆ ಇಡೀ ಮಂಚ ಅಲ್ಲಾಡುತ್ತದೆ. ಅಂಗಾತ ಮಲಗಿ ಬರೆಯಲು ಹೋದರೆ ಪೆನ್ನು ಓಡಲೇ ಇಲ್ಲ. "ಶಾಯಿ ಕೆಳಗಿಳೀಬೇಕಲ್ಲ ತಾಯಿ, ಮೇಲಕ್ಕೆ ಹೇಗೆ ಹತ್ತುತ್ತೆ?" ಎಂದು ತಮ್ಮ ಎರಡು ಪೆನ್ಸಿಲ್‌ಗಳಲ್ಲಿ ಉದ್ದದ್ದನ್ನು ನನಗೇ ಕೊಟ್ಟರು. ಒಳ್ಳೆಯ ಹೆಂಗಸು.

ಮಾರ್ಚ್ 5, ಗುರುವಾರ

ಇಲ್ಲಿನ ಪರೀಕ್ಷೆ ಊಟದ್ದು ಎಂದು ಇವತ್ತು ಡಾಕ್ಟರಮ್ಮ ಬಿಡಿಸಿ ಹೇಳಿದರು. ಔಷಧಿ ಕೊಡುವ ಡಾಕ್ಟರ್ ಅಲ್ಲ ಅವರು, ಆಹಾರ ವಿಜ್ಞಾನಿ. ದೂರದ ಗ್ರಹಕ್ಕೆ ಹೋಗುವವರು ವರ್ಷಗಟ್ಟಲೆ ಒಂದೇ ಊಟ ಮಾಡಿದರೆ ಹಸಿವು ಸತ್ತುಹೋಗುತ್ತದೆಯೇ, ಅಥವಾ ಅಭ್ಯಾಸವಾಗುತ್ತದೆಯೇ ಎಂದು ನೋಡುತ್ತಾರಂತೆ. ಅದಕ್ಕೆ ಒಂದು ಮಂಚಕ್ಕೆ ಬಗೆಬಗೆಯ ಊಟ, ಇನ್ನೊಂದಕ್ಕೆ ಮೂರು ಹೊತ್ತೂ ಒಂದೇ. ಒಂದು ತಿಂಗಳಾದ ಮೇಲೆ ಎರಡನೇ ಸುತ್ತಂತೆ, ಅದರಲ್ಲಿ ಏನು ಎಂದು ಕೇಳಿದ್ದಕ್ಕೆ "ಆಗ ಹೇಳ್ತೀನಿ" ಎಂದು ನಕ್ಕರು.

ಬಗೆಬಗೆಯದು ನನಗೆ ಬಂತು. ಟೀಚರ್‌ಗೆ ಕಾಳಿನ ಹಿಟ್ಟು, ಎಣ್ಣೆ, ಯಾವುದೋ ಪಾಚಿ ಸೇರಿಸಿ ಅರೆದ ಬೂದು ಬಣ್ಣದ ಪೇಸ್ಟು. ಅವರು ಒಂದು ಚಮಚ ಬಾಯಿಗಿಟ್ಟು, "ಗೋಡೆಗೆ ಬಳಿಯೋ ಸುಣ್ಣ ಕಣ್ರೀ ಇದು" ಅಂದರು. ಇನ್ನು ಮೇಲೆ ಅದಕ್ಕೆ ಸುಣ್ಣ ಎಂದೇ ಹೆಸರು.

ತಟ್ಟೆ ತರುವ ಹೆಂಗಸು ಮಾತಾಡುವುದಿಲ್ಲ. ಉಳಿದದ್ದನ್ನು ಬಳಿದು ತೂಗಿ ಬರೆದುಕೊಂಡು ಹೋಗುತ್ತಾಳೆ. ಅವಳಿಗೆ ತಕ್ಕಡಿ ಎಂದು ನಾವು ಹೆಸರಿಟ್ಟೆವು.

ಮಾರ್ಚ್ 11, ಬುಧವಾರ

ಟೀಚರ್ ಸುಣ್ಣ ಬಿಡತೊಡಗಿದ್ದಾರೆ. ಬಟ್ಟಲಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಇರುತ್ತದೆ. ಮಂಚಕ್ಕೇ ತೂಕದ ಯಂತ್ರ ಇದೆ, ಬೆಳಿಗ್ಗೆ ಅದರ ಕೆಂಪು ಗೆರೆಯ ಹತ್ತಿರ ಮುಳ್ಳು ಬಂದಿತ್ತು. ಗೆರೆಗಿಂತ ಇಳಿದರೆ ಮನೆಗೆ ಕಳಿಸುತ್ತಾರೆ. ಮೂಗು ಕಟ್ಟಿರುವುದರಿಂದ ನನಗೇ ಟೊಮೇಟೊ ಸೂಪು ಬಿಸಿನೀರಿನ ಹಾಗಿರುತ್ತದೆ, ಇನ್ನು ಅವರ ಪಾಡೇನು!

ಮಧ್ಯಾಹ್ನ ನನಗೆ ಕಿತ್ತಳೆ ಬಂದಿತ್ತು. ಸುಲಿದಾಗ ಅವರು ಕಣ್ಣು ಮುಚ್ಚಿಕೊಂಡರು. ಎದ್ದು ಕೊಡುವ ಹಾಗಿಲ್ಲ, ಕೈಗೆ ಎಟುಕುವುದಿಲ್ಲ. ಬೆನ್ನು ಕೆರೆದುಕೊಳ್ಳಲು ನಮಗೆ ಉದ್ದನೆಯ ಕೋಲು ಕೊಟ್ಟಿದ್ದಾರೆ. ಅದರ ತುದಿಗೆ ಪ್ಲಾಸ್ಟಿಕ್ ಚಮಚವನ್ನು ಬ್ಯಾಂಡೇಜ್ ಪಟ್ಟಿಯಿಂದ ಕಟ್ಟಿ, ಒಂದು ತೊಳೆ ಇಟ್ಟು ಚಾಚಿದೆ.

"ಅಯ್ಯೋ ಬೇಡ, ಪ್ರಯೋಗ ಕೆಡುತ್ತೆ" ಅಂದರು.

"ಯಾರು ನೋಡ್ತಾರೆ ಟೀಚರ್?" ಅಂದೆ. ಯಾರಾದರೂ ನೋಡುತ್ತಿದ್ದರೆ ಜನ ಕಡಿಮೆ ತಿನ್ನುತ್ತಾರಂತೆ, ಅದಕ್ಕೇ ಊಟದ ಹೊತ್ತಿಗೆ ಕ್ಯಾಮೆರಾ ಆರಿಸುತ್ತಾರೆ. ಅವರೇ ಮಾಡಿದ ನಿಯಮ.

ಟೀಚರ್ ತೊಳೆಯನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಅಗಿಯಲೇ ಇಲ್ಲ. ಕಣ್ಣೀರು ಹಣೆಯ ಕಡೆಗೆ ಹರಿದು ಕೂದಲೊಳಗೆ ಹೋಯಿತು, ನಮ್ಮ ಕಣ್ಣೀರು ಈಗ ಹಾಗೇ ಹರಿಯುವುದು. ಆಮೇಲೆ ಆ ರುಚಿಯ ಆಸರೆಯಲ್ಲೇ ಇಡೀ ಬಟ್ಟಲು ಸುಣ್ಣ ಖಾಲಿ ಮಾಡಿದರು. ತಕ್ಕಡಿ ಬಟ್ಟಲನ್ನು ತಿರುಗಿಸಿ ಮುರುಗಿಸಿ ನೋಡಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಮನೆ ಬಿಟ್ಟು ಬಂದದ್ದೇ ಮರೆತುಹೋಯಿತು.

ಮಾರ್ಚ್ 16, ಸೋಮವಾರ

ದಿನಕ್ಕೊಂದು ತುತ್ತು ಸಾಕು, ಟೀಚರ್ ಬಟ್ಟಲು ಖಾಲಿ. ಮುಳ್ಳು ಗೆರೆಯಿಂದ ಮೇಲೆ ಬಂದಿದೆ.

ಅವರು ಇಲ್ಲಿಗೆ ಬಂದದ್ದೇಕೆ ಎಂದು ಇವತ್ತು ಹೇಳಿದರು. ಬೆಟ್ಟದ ಮೇಲೆ ಖಗೋಳ ವೀಕ್ಷಣಾಲಯದ ಪಕ್ಕದಲ್ಲಿ ಒಂದು ಮುಚ್ಚಿದ ಮನೆ ಕಟ್ಟಿದ್ದಾರಂತೆ. ಆರು ಜನ ಒಂದು ವರ್ಷ ಗಗನನೌಕೆಯಲ್ಲಿರುವಂತೆ ಅದರೊಳಗೇ ಇರಬೇಕು. ಐದು ಜನ ಆಗಲೇ ಆಯ್ಕೆಯಾಗಿದ್ದಾರೆ, ಆರನೆಯವರನ್ನು ನಮ್ಮ ಕೋಣೆಯಿಂದ ಆರಿಸುತ್ತಾರೆ. ಒಳಗಿರುವವರು ವಾರಕ್ಕೊಮ್ಮೆ ಅಲ್ಲಿನ ದೊಡ್ಡ ದೂರದರ್ಶಕವನ್ನು ಒಳಗಿನಿಂದಲೇ ತಿರುಗಿಸಿ ಬೇಕಾದ್ದನ್ನು ನೋಡಬಹುದು.

"ಕಾಲೇಜಿನಿಂದ ಒಂದೇ ನಕ್ಷತ್ರ ನೋಡ್ಕೊಂಡು ಬಂದಿದೀನಿ. ಅದು ಆಗಾಗ ಮಂಕಾಗುತ್ತೆ, ಮತ್ತೆ ಹೊಳೆಯುತ್ತೆ. ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಎಷ್ಟು ಮಂಕು ಅಂತ ವೀಕ್ಷಣಾಲಯಕ್ಕೆ ಬರೆದು ಕಳಿಸ್ತೀನಿ. ಎಲ್ಲಾ ಬರಿಗಣ್ಣಲ್ಲೇ. ಒಂದ್ಸಲ ಸರಿಯಾಗಿ ನೋಡ್ಬೇಕು ಅಷ್ಟೇ" ಅಂದರು.

ಜಾಗಕ್ಕೆ ಮೊದಲ ಹೆಸರು ಅವರದು, ಆಮೇಲೆ ನನ್ನದು. ತೂಕ ಗೆರೆಗಿಂತ ಇಳಿಯಬಾರದು ಅನ್ನುವುದೊಂದೇ ಷರತ್ತು. ಅಂದರೆ ಟೀಚರ್ ಬೆಟ್ಟ ಹತ್ತುವುದು ನನ್ನ ಚಮಚದಿಂದ. ಅವರಿಗೂ ಅದು ಗೊತ್ತು.

ಮಾರ್ಚ್ 20, ಶುಕ್ರವಾರ

ಮೊದಮೊದಲು ಪ್ರತಿ ತುತ್ತಿಗೂ "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ" ಅನ್ನುತ್ತಿದ್ದರು. ಈಗ ಚಮಚ ಬಂದ ಕೂಡಲೇ ಬಾಯಿ ತೆರೆಯುತ್ತಾರೆ. ಅವರ ಹಕ್ಕೇನೋ ಅನ್ನುವ ಹಾಗೆ. ಹಾಗಂತ ನನಗೇನೂ ಬೇಸರವಿಲ್ಲ. ಸುಮ್ಮನೆ ತಮಾಷೆಗೆ ಚಮಚವನ್ನು ಹಿಂದಕ್ಕೆಳೆದು, "ಒಂದು ಹಾಡು ಹೇಳಿ ಟೀಚರ್" ಅಂದೆ. ಅವರ ಗಂಟಲು ಒಡೆದ ಮಡಕೆಯಂತಿದೆ. ಹಾಡಿದರು. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು. ಅವರೂ ನಕ್ಕರು. ದಿನ ಕಳೆಯಬೇಕಲ್ಲ.

ಮಾರ್ಚ್ 24, ಮಂಗಳವಾರ

ಈಗ ತಟ್ಟೆ ಬರುವ ಮೊದಲೇ ಗಂಟಲು ಸರಿ ಮಾಡಿಕೊಳ್ಳುತ್ತಾರೆ. ಹಾಡು ಹಳತಾಯಿತು. "ಅಮ್ಮಾವ್ರೇ ಕೊಡಿ ಅನ್ನಿ" ಅಂದೆ. ಅಂದರು. ನಿನ್ನೆ ಉಪ್ಪಿನಕಾಯಿಯ ಒಂದು ಚೂರಿಗೆ ಒಂದು ಗುಟ್ಟು ಹೇಳಬೇಕೆಂದೆ. ಸೂರು ನೋಡಿಕೊಂಡೇ ಹೇಳಿದರು. ಮಗಳಿಗೆ ಹೆರಿಗೆ ನೋವು ಶುರುವಾದಾಗ ಇವರು ಫೋನನ್ನು ಕೆಳಗೆ ಬಿಟ್ಟು ಮಹಡಿ ಮೇಲೆ ನಕ್ಷತ್ರ ನೋಡುತ್ತಿದ್ದರಂತೆ. ಮಗು ಉಳಿಯಲಿಲ್ಲ. ಇವರು ಹೋಗಿದ್ದರೂ ಉಳಿಯುತ್ತಿರಲಿಲ್ಲವಂತೆ, ಆದರೂ ಮಗಳು ಅವತ್ತಿನಿಂದ ಮಾತು ಬಿಟ್ಟಿದ್ದಾಳೆ.

ಪಾಪ ಅನ್ನಿಸಿತು. ಉಪ್ಪಿನಕಾಯಿ ಸ್ವಲ್ಪ ದೊಡ್ಡ ಚೂರೇ ಕೊಟ್ಟೆ.

ಮಾರ್ಚ್ 28, ಶನಿವಾರ

ಇವತ್ತು ಟೀಚರ್ ನನ್ನ ಮರ್ಯಾದೆ ತೆಗೆದರು. ಡಾಕ್ಟರಮ್ಮ ಬಂದಾಗ ನಾನು, ಬ್ರೆಡ್ಡಿನ ಹೊರಪದರ ಕೆಂಪಾಗುವುದು ಸಕ್ಕರೆ ಸುಡುವುದರಿಂದ ಎಂದು ಹೇಳುತ್ತಿದ್ದೆ. ನನ್ನ ಕೆಲಸ ನನಗೆ ಗೊತ್ತಿಲ್ಲವೇ? ಈ ಹೆಂಗಸು ಪಕ್ಕದಿಂದ, "ಬರೀ ಸಕ್ಕರೆ ಅಲ್ಲ, ಪ್ರೋಟೀನೂ ಸೇರ್ಬೇಕು" ಅಂತ ಪಾಠ ಶುರು ಮಾಡಿದರು. ಡಾಕ್ಟರಮ್ಮ ಅವರ ಕಡೆ ತಿರುಗಿದವರು ಮತ್ತೆ ನನ್ನ ಕಡೆ ತಿರುಗಲಿಲ್ಲ. ಅಕ್ಕನ ಮನೆಯಲ್ಲೂ ಇದೇ ಕಥೆ, ಊಟಕ್ಕೆ ಕೂತರೆ ನನ್ನ ಮಾತು ಯಾರಿಗೂ ಬೇಡ.

ಮಧ್ಯಾಹ್ನ ಕೋಲನ್ನು ಗೋಡೆಯ ಕಡೆ ಸರಿಸಿಟ್ಟೆ.

"ಅಮ್ಮಾವ್ರೇ" ಅಂದರು.

"ನಕ್ಷತ್ರದಮ್ಮನಿಗೆ ಇವತ್ತು ಊಟ ಮಹಡಿ ಮೇಲೆ" ಅಂದೆ.

ಅವರ ಮುಖ ಹೇಗಾಯಿತೆಂದರೆ! ಊದಿದ ಮುಖದಲ್ಲಿ ಅಳು ಬೇರೆ ಬಂದರೆ ನೋಡುವ ಹಾಗಿರುವುದಿಲ್ಲ. ಸಂಜೆಯೂ ಕೊಡಲಿಲ್ಲ. ಒಂದೆರಡು ದಿನ ಹೀಗೇ ಇರಲಿ, ಬುದ್ಧಿ ಬರುತ್ತದೆ. ಮಕ್ಕಳಿಗೆ ಅವರೂ ಹೀಗೇ ಶಿಕ್ಷೆ ಕೊಡುತ್ತಿರಬೇಕು.

ಮಾರ್ಚ್ 31, ಮಂಗಳವಾರ

ಟೀಚರ್ ತೂಕದ ಮುಳ್ಳು ಗೆರೆಗೆ ತಾಗಿದೆ. ಸುಣ್ಣ ಬಾಯಿಗಿಟ್ಟರೆ ಓಕರಿಕೆ. ನಾಳೆ ಬೆಳಿಗ್ಗೆಯೊಳಗೆ ಏನಾದರೂ ಹೊಟ್ಟೆಗೆ ಹೋಗದಿದ್ದರೆ ಮನೆಗೆ ಹೊರಡಬೇಕು.

ಬೆಳಿಗ್ಗೆ ಅಕ್ಕನ ಫೋನು. "ಇನ್ನೂ ಅಲ್ಲೇ ಇದೀಯಾ?" ಅಂದಳು. ಬೆಟ್ಟದ ಮನೆಯ ವಿಷಯ ಹೇಳಿದೆ. "ಒಂದು ವರ್ಷಾನಾ? ನಿನ್ನನ್ಯಾರು ಆರಿಸ್ತಾರೆ, ಆ ಟೀಚರನ್ನ ಬಿಟ್ಟು?" ಹಿಂದಿನಿಂದ ಭಾವನ ನಗು ಕೇಳಿಸಿತು. ಫೋನು ಇಟ್ಟ ಮೇಲೂ ಕಿವಿಯಲ್ಲಿ ಅದೇ.

ಮಧ್ಯಾಹ್ನ ನಿಂಬೆಹಣ್ಣಿನ ಕೇಕು ಬಂತು. ನಾನು ಹೇಳಿದ ಅಳತೆಯಲ್ಲೇ ಅಡುಗೆಮನೆಯವರು ಮಾಡಿದ್ದರು. ಕಟ್ಟಿದ ಮೂಗಿಗೂ ನಿಂಬೆಯ ವಾಸನೆ ಹೊಡೆಯಿತು. ಟೀಚರ್ ಹೊರಳಿ ನನ್ನ ಕಡೆ ಮುಖ ಮಾಡಿದರು.

"ಹಾಡ್ತೀನಿ" ಅಂದರು.

"ಹಾಡು ಬೇಡ."

"ಅಮ್ಮಾವ್ರೇ, ಏನು ಹೇಳಿದ್ರೂ ಮಾಡ್ತೀನಿ. ನಾಳೆ ಕಳಿಸಿಬಿಡ್ತಾರೆ ನನ್ನ."

ನನಗೆ ಹೇಗೆ ಹೊಳೆಯಿತೋ ಗೊತ್ತಿಲ್ಲ. "ಡಾಕ್ಟರಮ್ಮನ್ನ ಕರೆದು ಬೆಟ್ಟದ ಮನೆ ನನಗೆ ಬೇಡ ಅನ್ನಿ. ಇಡೀ ತುಂಡು ಕೊಡ್ತೀನಿ" ಅಂದೆ. ತಮಾಷೆಗೆ ಅಂದದ್ದು, ಬೈಯುತ್ತಾರೆ ಅಂದುಕೊಂಡಿದ್ದೆ.

ಅವರು ಬೈಯಲಿಲ್ಲ. "ತಿನ್ನದಿದ್ರೂ ಆ ಮನೆ ಹೋಯ್ತು, ತಿಂದ್ರೂ ಹೋಯ್ತು" ಎಂದು ಲೆಕ್ಕದ ಪ್ರಶ್ನೆ ಬಿಡಿಸುವವರ ಹಾಗೆ ತಮ್ಮಷ್ಟಕ್ಕೇ ಹೇಳಿಕೊಂಡು ಗಂಟೆ ಒತ್ತಿದರು. ಡಾಕ್ಟರಮ್ಮ ಬಂದು ಎರಡೆರಡು ಸಲ ಕೇಳಿದರು. "ಮನೇಲಿ ಮಗಳಿದಾಳೆ, ಒಂದು ವರ್ಷ ಬಿಟ್ಟಿರಕ್ಕಾಗಲ್ಲ" ಅಂದರು ಟೀಚರ್. ಕಣ್ಣು ಮಾತ್ರ ಕೇಕಿನ ಮೇಲೇ ಇತ್ತು.

ಡಾಕ್ಟರಮ್ಮ ಹೋಗುವಷ್ಟರಲ್ಲಿ ನಾನು ಅರ್ಧ ತಿಂದಿದ್ದೆ. ಇವರು ಮಾತಾಡುತ್ತ ಇದ್ದರೆ ಕೇಕು ಕಾಯುತ್ತದೆಯೇ? ಉಳಿದದ್ದನ್ನು ಕೋಲಿಗೆ ಇಟ್ಟು ಕೊಟ್ಟೆ. ಟೀಚರ್ ಅರ್ಧ ತುಂಡನ್ನು ನೋಡಿದರು, ನನ್ನನ್ನು ನೋಡಿದರು, ತಿಂದರು. ಹಾಸಿಗೆಯ ಮೇಲೆ ಬಿದ್ದ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ನೆಕ್ಕಿದರು. ಆಮೇಲೆ ಎರಡು ಬಟ್ಟಲು ಸುಣ್ಣ ತಿಂದರು.

ನಾನೇನು ಬಲವಂತ ಮಾಡಿದೆನೇ? ಮನಸ್ಸಿದ್ದರೆ ತಾನೇ ನಕ್ಷತ್ರ.

ಏಪ್ರಿಲ್ 3, ಶುಕ್ರವಾರ

ಎರಡನೇ ಸುತ್ತು ಶುರುವಾಯಿತು. ಅದಲು ಬದಲು.

ಟೀಚರ್ ಮಂಚಕ್ಕೆ ಬೆಣ್ಣೆ ಸವರಿದ ಆಲೂಗೆಡ್ಡೆ, ಮೊಟ್ಟೆ, ಹುರಿದ ಕಡಲೆಕಾಯಿ. ನನಗೆ ಸುಣ್ಣ. "ಇಬ್ಬರಿಗೂ ಎರಡೂ ಕೊಟ್ಟು ನೋಡಿದ್ರೇನೇ ನ್ಯಾಯ" ಅಂತ ಡಾಕ್ಟರಮ್ಮ. ಇದನ್ನು ಮೊದಲೇ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಇರಲಿ. ನನಗೆ ಚಿಂತೆಯಿಲ್ಲ. ಅಷ್ಟು ದಿನ ಕೈಯಾರೆ ತಿನ್ನಿಸಿದ್ದೇನೆ, ಮರೆಯುತ್ತಾರೆಯೇ?

ಏಪ್ರಿಲ್ 4, ಶನಿವಾರ

ಸುಣ್ಣ ನಾಲಿಗೆಗೆ ಅಂಟಿಕೊಳ್ಳುತ್ತದೆ, ಕೆಳಗೆ ಇಳಿಯುವುದಿಲ್ಲ. ತಲೆ ತಗ್ಗಿನಲ್ಲಿರುವಾಗ ನುಂಗುವುದೆಂದರೆ ಮೇಲಕ್ಕೆ ತಳ್ಳುವುದು. ಕೋಲು ಈ ಕಡೆ ಬರುತ್ತದೆ ಎಂದು ಕಾದೆ. ಟೀಚರ್ ಊಟ ಮುಗಿಸಿ ಬಾಯಿ ಒರೆಸಿಕೊಂಡರು. ಬಹುಶಃ ಅವರಿಗೆ ತೋಚಿಲ್ಲ.

ಏಪ್ರಿಲ್ 8, ಬುಧವಾರ

ಇವತ್ತು ಬಾಯಿಬಿಟ್ಟು ಕೇಳಿದೆ. ಕಿತ್ತಳೆ ಸುಲಿಯುತ್ತಿದ್ದರು.

"ಒಂದು ತೊಳೆ ಟೀಚರ್."

ಕೇಳಿಸಿತು. ತೊಳೆಯನ್ನು ಬಾಯಿಗೆ ಹಾಕಿಕೊಂಡರು.

"ಹಾಡ್ಲಾ?" ಅಂದೆ. ನಗಿಸೋಣ ಅಂತ.

"ಬೇಡ."

"ಅಮ್ಮಾವ್ರೇ ಅನ್ಲಾ?"

"ಬೇಡಮ್ಮ."

"ಮತ್ತೆ ಏನು ಬೇಕು ಹೇಳಿ, ಮಾಡ್ತೀನಿ."

ಅವರು ನಿಧಾನವಾಗಿ ನನ್ನ ಕಡೆ ಹೊರಳಿದರು. ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು. "ನಿಮ್ಮ ಹತ್ರ ನಂಗೆ ಬೇಕಾದ್ದು ಏನೂ ಇಲ್ಲ" ಅಂದರು. ಉಳಿದ ತೊಳೆಗಳನ್ನು ಒಂದೊಂದಾಗಿ ತಿಂದರು.

ಎಂಥ ಕಲ್ಲು ಮನಸ್ಸು! ನಾನು ಮೊದಲ ತೊಳೆ ಕೊಟ್ಟಾಗ ಏನು ಕೇಳಿದ್ದೆ? ಏನೂ ಕೇಳಿರಲಿಲ್ಲ. ಅದನ್ನು ನೆನಪಿಟ್ಟುಕೊಳ್ಳಬಾರದೇ?

ಏಪ್ರಿಲ್ 15, ಬುಧವಾರ

ಮೂಗು ಹಿಡಿದುಕೊಂಡು ನುಂಗುತ್ತೇನೆ. ಬಾಯಿಗೆ ವಾಪಸು ಬಂದದ್ದನ್ನು ಮತ್ತೆ ನುಂಗುತ್ತೇನೆ. ಬಟ್ಟಲು ಖಾಲಿ. ಇವರ ಮುಂದೆ ನನ್ನ ಮುಳ್ಳು ಗೆರೆಗೆ ಇಳಿಯಬಾರದು.

ಏಪ್ರಿಲ್ 23, ಗುರುವಾರ

ಸುಣ್ಣ. ಅಳು ಬಂತು. ಟೀಚರ್ ಗೋಡೆಯ ಕಡೆ ತಿರುಗಿ ಊಟ ಮಾಡಿದರು, ನನಗೆ ಕಾಣದಿರಲಿ ಎಂದೋ, ನಾನು ಕಾಣದಿರಲಿ ಎಂದೋ. ವಾಸನೆ ಮಾತ್ರ ಬಂತು. ನಿಂಬೆ ಕೇಕು. ನನ್ನದೇ ಅಳತೆ.

ಮೇ 4, ಸೋಮವಾರ

ಮಂಚ ಇಳಿಸಿದರು. ಎದ್ದು ನಿಂತರೆ ಕಾಲು ನನ್ನದಲ್ಲ, ನೆಲ ತೇಲುತ್ತಿದೆ. ಟೀಚರ್ ಗೋಡೆ ಹಿಡಿದುಕೊಂಡು ಕಿಟಕಿಯವರೆಗೆ ಹೋದರು. ಆಗಿನ್ನೂ ಸಂಜೆಯ ಬೆಳಕಿತ್ತು, ಅವರು ನಿಂತೇ ಇದ್ದರು. ಕತ್ತಲಾದ ಮೇಲೆ "ಮಂಕಾಗಿದೆ" ಅಂತ ಅಂದುಕೊಂಡರು. ಅವರ ನಕ್ಷತ್ರವೋ, ಕಣ್ಣೋ. ನಾನು ಕೇಳಲಿಲ್ಲ.

ಬೆಳಿಗ್ಗೆ ಅಕ್ಕನಿಗೆ ಫೋನು ಮಾಡಿ ಮುಗಿಸಿದೆ ಅಂದೆ. ಬೆಟ್ಟದ ಮನೆಯೂ ನನಗೇ ಅಂದೆ. ಭಾವ ನಗಲಿಲ್ಲ. ಈ ಎರಡು ತಿಂಗಳಲ್ಲಿ ಇಷ್ಟು ರುಚಿಯಾದದ್ದು ಇನ್ನೇನನ್ನೂ ತಿಂದಿಲ್ಲ.

ಮೇ 5, ಮಂಗಳವಾರ

ಡಾಕ್ಟರಮ್ಮ ಖುಷಿಯಲ್ಲಿ ಕೈ ಉಜ್ಜಿಕೊಳ್ಳುತ್ತ ಬಂದರು. ಇಬ್ಬರ ತೂಕದ ಏರಿಳಿತದ ನಕ್ಷೆಯನ್ನೂ ಗೋಡೆಗೆ ಅಂಟಿಸಿ ತೋರಿಸಿದರು. ಟೀಚರ್ ಒಂದೆರಡು ಕಡೆ ಮಾತ್ರ ಇಳಿದು ಮತ್ತೆ ಚೇತರಿಸಿಕೊಂಡಿದ್ದಾರೆ, ನಾನಂತೂ ಇಳಿದೇ ಇಲ್ಲ. "ಅಂದ್ರೆ ಒಂದೇ ಊಟಕ್ಕೆ ಮನುಷ್ಯ ಒಗ್ಗಿಕೊಳ್ತಾನೆ ಅಂತಾಯ್ತು. ನಿಮ್ಮಿಬ್ಬರಿಂದ ಗೊತ್ತಾಯ್ತು. ಬೆಟ್ಟದ ಮನೇಲಿ ಆರು ಜನಕ್ಕೂ ವರ್ಷ ಪೂರ್ತಿ ಇದೇ ಪೇಸ್ಟು, ಬೇರೆ ಅಡುಗೆಮನೆಯೇ ಬೇಡ" ಅಂದರು.

ವರ್ಷ ಪೂರ್ತಿ ಸುಣ್ಣ! ಡಾಕ್ಟರಮ್ಮ ಆ ಕಡೆ ಹೋದ ಕೂಡಲೇ ಟೀಚರ್ ಹತ್ತಿರ ಹೋದೆ. ಚೀಲ ಕಟ್ಟುತ್ತಿದ್ದರು.

"ಹೇಳಿ ಟೀಚರ್. ನನ್ನ ತಟ್ಟೆಯಿಂದ ತಿಂದೆ ಅಂತ ಹೇಳಿ. ಆರು ಜನ ಸಾಯ್ತಾರೆ ಅದನ್ನ ತಿಂದು."

"ನೀವೇ ಹೇಳಬಹುದಲ್ಲ" ಅಂದರು.

"ನಾನು ಹೇಳಿದ್ರೆ ನನ್ನ ಜಾಗ ಹೋಗುತ್ತೆ. ನಿಮಗೇನು, ನೀವು ಬಿಟ್ಟಾಗಿದೆ."

ಟೀಚರ್ ಚೀಲದ ಬಾಯಿ ಕಟ್ಟಿದರು. "ಯಾರು ನೋಡಿದ್ರು ಅಮ್ಮಾವ್ರೇ?" ಅಂದರು. ಗೋಡೆ ಹಿಡಿದುಕೊಂಡು ಹೊರಟೇಹೋದರು. ನನ್ನ ಕೈಯಲ್ಲಿರುವ ಈ ಪೆನ್ಸಿಲ್ ಅವರದೇ, ಅದನ್ನೂ ಕೇಳಲಿಲ್ಲ.

ಹೇಳಿಬಿಡೋಣ ಎಂದೇ ಡಾಕ್ಟರಮ್ಮನ ಕೋಣೆಗೆ ಹೋದೆ. ದಾರಿಯಲ್ಲಿ ಎರಡು ಕಡೆ ಕೂತೆ. ಅಕ್ಕನ ಮುಖ ಕಣ್ಣ ಮುಂದೆ ಬಂತು. ಇದನ್ನೂ ಅರ್ಧಕ್ಕೆ ಬಿಟ್ಟಳು ಎಂದು ಭಾವ ನಗುವುದು ಕೇಳಿಸಿತು. ಬಾಗಿಲು ತೆರೆದಾಗ ನನ್ನ ಮುಖ ನೋಡಿಯೇ ಅವರಿಗೆ ಏನೋ ಅನ್ನಿಸಿರಬೇಕು.

"ಹೆದರ್ಕೋಬೇಡಿ. ಬರೀ ಪೇಸ್ಟೇ ಅಲ್ಲ. ಜಗಳ ಆಡ್ಕೊಂಡ್ರೆ ಕಷ್ಟ ಅಂತ ಬೀಗ ಇರೋ ಒಂದು ಸಣ್ಣ ಕಪಾಟು ಇಡ್ತಿದೀವಿ. ಉಪ್ಪಿನಕಾಯಿ, ಒಣಹಣ್ಣು, ಕೇಕು, ಅಂಥದ್ದು. ಯಾರಿಗೆ, ಯಾವಾಗ, ಎಷ್ಟು ಕೊಡ್ಬೇಕು ಅನ್ನೋದು ಒಳಗಿರೋ ಒಬ್ಬರಿಗೇ ಬಿಟ್ಟದ್ದು, ನಾವು ಕೇಳಲ್ಲ. ನೀವು ಬೇಕರಿಯವರು, ಹಂಚಿ ಗೊತ್ತಿರುತ್ತೆ" ಅಂದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು.

ಹೇಳಬೇಕೆಂದುಕೊಂಡು ಹೋದದ್ದು ಆಮೇಲೆ ಬೇಡವೆನಿಸಿತು. ಪಾಪ, ಅವರ ಅಷ್ಟು ದಿನದ ದುಡಿಮೆ, ನಾನೇಕೆ ಕೆಡಿಸಲಿ?

ಬೀಗದ ಕೈ ಸಣ್ಣದು, ಹಿತ್ತಾಳೆಯದು. ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದೇನೆ. ತಕ್ಕಡಿಯನ್ನು ಕೇಳಿ ನನ್ನ ಬೆನ್ನು ಕೆರೆಯುವ ಕೋಲನ್ನೂ ಚೀಲಕ್ಕೆ ಸೇರಿಸಿಕೊಂಡೆ, ಅಭ್ಯಾಸವಾಗಿಬಿಟ್ಟಿದೆ. ಆ ಐದು ಜನ ಎಂಥವರೋ, ಇನ್ನೂ ನೋಡಿಲ್ಲ. ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಬೇಕು. ಹಾಡಲು ಬರುವವರು ಒಬ್ಬರಾದರೂ ಇದ್ದರೆ ಸಾಕು.